ಭುಜದ ಮೇಲಿನ ಗಂಗಿ

ಸೈನಿಕರಿಗೆ ಸಾಮಾನು ಸಾಗಿಸುವ ಆ ಪಡೆಯ ಹೊಸ ಭುಜಪಟ್ಟಿಯಲ್ಲಿ ಹೇಸರಗತ್ತೆಯ ಚಿತ್ರವಿತ್ತು. ಅದನ್ನು ನೋಡಿ, ಒಂದು ಕಾಲಕ್ಕೆ ಅದೇ ಪಡೆಯಲ್ಲಿ ಹೇಸರಗತ್ತೆ ನಡೆಸುತ್ತಿದ್ದ ನಿವೃತ್ತ ಯಮನೂರಪ್ಪನ ಕಣ್ಣು ತುಂಬಿ ಬಂತು. ಅದು ಅವನ ಗಂಗಿ. ಗುಂಡೇಟು ತಿಂದು ಬೆನ್ನಿಗೆ ಜೋತುಬಿದ್ದಿದ್ದ ಅವನನ್ನು ಹಿಮದ ದಾರಿಯಲ್ಲಿ ತಾನಾಗಿಯೇ ಠಾಣೆಗೆ ಮುಟ್ಟಿಸಿದ ಗಂಗಿ. ಅವನಿಗೆ ಸರಿಯಾಗಿ ಎಚ್ಚರವಾದದ್ದು ದೂರದ ಆಸ್ಪತ್ರೆಯಲ್ಲಿ.

ಪಟ್ಟಿ ಬಿಡುಗಡೆಯ ಸಮಾರಂಭದಲ್ಲಿ ವೇದಿಕೆಯ ಮೇಲೆ ಪಡೆಯ ಇತಿಹಾಸ ಓದಿದ ಕರ್ನಲ್ ಸಾಹೇಬರು, ಗಂಗಿ ಅದೇ ಠಾಣೆಯಲ್ಲಿ ಹುತಾತ್ಮವಾಯಿತು ಎಂದಷ್ಟೇ ಹೇಳಿದರು. ಊಟದ ಹೊತ್ತಿಗೆ ಯಮನೂರಪ್ಪ, ಆಗ ಠಾಣೆಯಲ್ಲಿ ಅಡುಗೆಯವನಾಗಿದ್ದ ಚಂಗಪ್ಪನನ್ನು ಹುಡುಕಿ ಹಿಡಿದ.

“ಅಣ್ಣಾರ, ನಮ್ಮ ಗಂಗಿನ್ನ ಎಲ್ಲಿ ಮಣ್ಣ ಮಾಡಿದ್ರಿ? ಸಾಯೋದ್ರೊಳಗ ಒಮ್ಮೆ ಹೋಗಿ, ಒಂದ್ ಅಚ್ಚು ಬೆಲ್ಲ ಇಟ್ಟು ಬರ್ತೀನಿ.”

ಚಂಗಪ್ಪ ನಕ್ಕ. “ನಿಂಗೆ ಯಾರೂ ಹೇಳ್ಲೇ ಇಲ್ವೇನೋ? ದಾರಿ ಮುಚ್ಚಿತ್ತು, ರೇಷನ್ ಪೂರಾ ಖಾಲಿ. ಕೊನೆಗೆ ಮೇಜರ್ ಸಾಹೇಬ್ರು ಕೊಯ್ಯೋಕೆ ಹೇಳಿದ್ರು.”

ಯಮನೂರಪ್ಪ ಅವನ ತೋಳು ಹಿಡಿದು ಕೇಳಿದ. “ನನ್ನ ಹೊತ್ತು ತಂದದ್ದನ್ನ ತಿಂದ್ರ್ಯಾ? ಹೆಂಗರ ಇಳೀತು ನಿಮ್ಮ ಗಂಟಲಾಗ?”

“ಎಲ್ಲಿ ಇಳೀತು ಮಾರಾಯ? ಒಬ್ರೂ ಮುಟ್ಲಿಲ್ಲ. ಮೇಜರ್ ಸಾಹೇಬ್ರೇ ತಟ್ಟೆ ಸರಿಸಿ ಎದ್ದು ಹೋದ್ರು. ಜ್ವರದಲ್ಲಿ ಬಿದ್ದಿದ್ದ ನೀನೊಬ್ನೇ ಎರಡು ಮಗ್ಗು ಸೂಪು ಕುಡಿದು, ‘ಇನ್ನೂ ಸ್ವಲ್ಪ ಐತೇನ್ರಿ’ ಅಂತ ಕೇಳಿದ್ದು.”