ದಪ್ಪ ತಂತಿ

ಅಜ್ಜಿಕಥೆಯ ರಾಜಕುಮಾರಿಗೆ ಏಳು ಬೀಗ, ಕಾವಲಿಗೊಂದು ಸರ್ಪ. ಈ ಅಮ್ಮನ ಬಳಿ ಇದ್ದದ್ದು ಒಂದೇ ಬೀಗ. ಕಾವಲಿಗೆ ಮಗಳದೇ ಚೆಲ್ಲೋ, ಎದೆಯೆತ್ತರದ ಪಿಟೀಲಿನಂಥ ವಾದ್ಯ. ಶುಕ್ರವಾರ ತಾವು ಗೊತ್ತುಮಾಡಿದ ಗಂಡು ತಾಳಿ ಕಟ್ಟುವ ತನಕ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದ ಮಗಳ ಕೂಗು ಯಾರ ಕಿವಿಗೂ ಬೀಳಬಾರದು. ಆದರೆ ಸಂಜೆ ಐದಕ್ಕೆ ಅವಳ ಆನ್‌ಲೈನ್ ಚೆಲ್ಲೋ ಪಾಠ; ತಪ್ಪಿದರೆ ಟೀಚರ್ ವಿಚಾರಿಸದೆ ಬಿಡುವವರಲ್ಲ.

"ಅವಳು ಅಜ್ಜಿ ಊರಿಗೆ ಹೋಗಿದ್ದಾಳೆ ಮೇಡಂ. ಬರೋತನಕ ನಾನೇ ಕಲೀತೀನಿ."

"ಈ ವಯಸ್ಸಲ್ಲಿ ಉತ್ಸಾಹ ನೋಡಿ! ಹಿಡೀರಿ ಕಮಾನು," ಎಂದು ಪರದೆಯೊಳಗಿನ ಟೀಚರ್ ನಕ್ಕರು.

ಒಳಗೆ ಮಗಳು ಬಾಗಿಲು ಬಡಿದು ಕೂಗತೊಡಗಿದಳು. ಅಮ್ಮ ದಪ್ಪ ತಂತಿಯ ಮೇಲೆ ಕಮಾನು ಒತ್ತಿ ಎಳೆದಳು. ಗೋಡೆಯೇ ಗುಂಯ್‌ಗುಟ್ಟಿತು. ಕೂಗು ಅದರಲ್ಲಿ ಮುಳುಗಿಹೋಯಿತು.

ಟೀಚರ್ ನಗು ನಿಂತಿತು. ತಲೆ ಬಗ್ಗಿಸಿ ಫೋನಿನಲ್ಲಿ ಏನೋ ಒತ್ತಿದರು. "ನಿಲ್ಲಿಸಬೇಡಿ. ಇನ್ನೂ ಎಳೀರಿ."

ಅರ್ಧ ಗಂಟೆ ಎಳೆದಳು.

"ಸಾಕಾ ಮೇಡಂ? ರಟ್ಟೆ ಬಿದ್ದುಹೋಗ್ತಿದೆ."

ಕರೆಗಂಟೆ ಸದ್ದಾಯಿತು.

"ಪೊಲೀಸರು ಬಂದಿದ್ದಾರೆ, ಬಾಗಿಲು ತೆಗೀರಿ," ಎಂದರು ಟೀಚರ್. "ಗದ್ದಲ ತಡೆಯೋ ಸೆಟ್ಟಿಂಗನ್ನ ನಿಮ್ಮ ಮಗಳು ಪಾಠಕ್ಕೆ ಮುಂಚೆ ಆಫ್ ಮಾಡ್ತಿದ್ದಳು, ನೀವು ಮಾಡಿಲ್ಲ. ಈ ವಿಡಿಯೊ ಕಾಲ್ ನಿಮ್ಮ ಚೆಲ್ಲೋ ಸದ್ದನ್ನೇ ಗದ್ದಲ ಅಂತ ಅಳಿಸಿಹಾಕಿದೆ ಅಮ್ಮಾ; ಅರ್ಧ ಗಂಟೆಯಿಂದ ನನಗೆ ಕೇಳಿಸಿದ್ದು ನಿಮ್ಮ ಮಗಳ ದನಿಯೊಂದೇ."