ಮಣ್ಣಿಗೆ ಬೆಲೆ ಬಂತು

ಕಲ್ಲುಮಣ್ಣು ಸಾಗಿಸುವ ಬೆಲ್ಟು ಮತ್ತೆ ನಿಂತಿತು. ಮೇಸ್ತ್ರಿ ಉರಿದುಬಿದ್ದು ಓಡಿಬಂದ.

"ಯಾರಮ್ಮಾ ಬೆಲ್ಟು ನಿಲ್ಲಿಸೋ ಹಗ್ಗ ಎಳೆದಿದ್ದು?"

ಹೊಸದಾಗಿ ಕೆಲಸಕ್ಕೆ ಸೇರಿದ್ದ ಹೆಂಗಸು ಕೈಯಲ್ಲಿದ್ದುದನ್ನು ತೋರಿಸಿದಳು. ಹಳೆಯ ಬೂಟಿನ ಅಟ್ಟೆ.

"ಕಬ್ಬಿಣ ಬಂದ್ರೆ ಮಾತ್ರ ನಿಲ್ಲಿಸಿ ಅಂತ ಬಡ್ಕೊಂಡೆನಲ್ಲ! ಚಿಂದಿ, ಚರ್ಮ ಎಲ್ಲ ಓಡ್ತಿರೋವಾಗ್ಲೇ ಎತ್ತಿ ಬುಟ್ಟಿಗೆ ಹಾಕಿ. ಮೇಲಿನವರು ನನ್ನ ಜೀವ ತಿಂತಾರೆ."

"ಒಂದು ನಿಮಿಷ ಅಣ್ಣಾ." ಅವಳು ಅಟ್ಟೆಯ ಮೇಲೆ ಗೇಣು ಹಾಕಿ ನೋಡಿದಳು. "ಇದು ಚಿಕ್ಕದು. ಅವರದಲ್ಲ."

ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆಚೆ ಸುರಿದಿದ್ದ ಕಸಮಣ್ಣಿನ ಗುಡ್ಡೆಯನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಸರ್ಕಾರದ ಹೊಸ ಖನಿಜ ನೀತಿ ಬಂದದ್ದೇ ತಡ, ದೇಶಕ್ಕೆ ಬೇಕಾದ ಅಪರೂಪದ ಲೋಹ ಅದರಲ್ಲೇ ಇದೆಯೆಂದು ಗುಡ್ಡೆಗೆ ಶುಕ್ರದೆಸೆ ತಿರುಗಿತು. ಒಂದು ತುದಿಯಿಂದ ಬಗೆಯುವುದು, ಬೆಲ್ಟಿಗೆ ಸುರಿಯುವುದು. ಕಲ್ಲನ್ನು ಹಿಟ್ಟು ಮಾಡುವ ಯಂತ್ರಕ್ಕೆ ಹೋಗುವ ಮೊದಲು ಇಕ್ಕೆಲದಲ್ಲಿ ನಿಂತ ಹೆಂಗಸರು ಬೇಡದ್ದನ್ನೆಲ್ಲ ಆರಿಸಿ ತೆಗೆಯಬೇಕು.

"ಅವರು ಅಂದ್ರೆ ಯಾರು?" ಮೇಸ್ತ್ರಿ ಕೇಳಿದ.

"ನಮ್ಮೆಜಮಾನ್ರು. ಗಣಿ ನಡೀತಿದ್ದ ಕಾಲದಲ್ಲಿ ಈ ಗುಡ್ಡೆ ಜಾರಿತಲ್ಲ, ಆಗ ಕೆಳಗೆ ಲಾರಿ ಪಕ್ಕ ನಿಂತಿದ್ರು. ಅಗೆಸಿಕೊಡಿ ಅಂತ ಸಿಕ್ಕಸಿಕ್ಕವರ ಕಾಲು ಹಿಡಿದೆ. ಅಷ್ಟು ಮಣ್ಣು ಎತ್ತಿದ್ರೆ ಏನಮ್ಮ ಸಿಗುತ್ತೆ, ದಂಡ ಖರ್ಚು ಅಂದ್ರು."

ಮೇಸ್ತ್ರಿಯ ಸಿಟ್ಟು ಜರ್ರನೆ ಇಳಿಯಿತು. ಗುಡ್ಡೆ ಜಾರಿದ ಸುದ್ದಿ ಅವನೂ ಕೇಳಿದ್ದ. ಆದರೆ ಅಲ್ಲೊಬ್ಬ ಮನುಷ್ಯ ಇನ್ನೂ ಒಳಗೇ ಇದ್ದಾನೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಮುಂದೆ ಬಾಯಿ ತೆರೆದು ನಿಂತಿದ್ದ ಯಂತ್ರದತ್ತ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಬೆಲ್ಟನ್ನು ಮೊದಲಿಗಿಂತ ನಿಧಾನಕ್ಕೆ ಇಟ್ಟು ತಾನೇ ಚಾಲೂ ಮಾಡಿದ. ಮೇಲಿನವರು ಕೇಳಿದರೆ ಮೋಟಾರು ಬಿಸಿಯಾಗಿದೆ ಎಂದರಾಯಿತು.

ಸಂಜೆ ಸೈರನ್ ಕೂಗಿತು. ಎರಡನೇ ಪಾಳಿಯ ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತ, ಒಬ್ಬರನ್ನೊಬ್ಬರು ರೇಗಿಸುತ್ತ ಬಂದರು. ಬೆಳಗಿನವರೆಲ್ಲ ಹೊರಟರೂ ಅವಳು ಜಾಗ ಬಿಟ್ಟು ಕದಲಲಿಲ್ಲ.

"ಮನೆಗೆ ಹೋಗಮ್ಮಾ, ನಿಂತೂ ನಿಂತೂ ಕಾಲು ಊದಿಹೋಗಿದೆ. ಇವರಿಗೂ ಹೇಳಿರ್ತೀನಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ."

ಅವಳು ಬೆಲ್ಟಿನಿಂದ ಕಣ್ಣು ತೆಗೆಯಲಿಲ್ಲ.

"ನೋಡ್ತಾರೆ ಅಣ್ಣಾ. ಆದ್ರೆ ಇವರ್ಯಾರೂ ಅವರನ್ನ ನೋಡಿದವರಲ್ಲವಲ್ಲ."