ಗುರುಗಳು ಹಾಡಿದ ಹಾಗೇ

ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ತೊಳೆದು ಮತ್ತೆ ಹಾಡಿಸುವ ಫಿಲೋಮಿನಾಳ ಅಂಗಡಿಗೆ ಸಂಗೀತ ವಿದ್ವಾಂಸರೊಬ್ಬರು ಪ್ಲೇಟೊಂದನ್ನು ಕೂಸಿನಂತೆ ಎದೆಗವಚಿಕೊಂಡು ಬಂದರು. ಅವರ ಜರಿ ಶಾಲು ಅವರಿಗಿಂತ ಮೊದಲೇ ಒಳಗೆ ಬಂದಿತ್ತು.

"ನಮ್ಮ ಗುರುಗಳ ಹಾಡು ಕಣಮ್ಮ. ಭಾನುವಾರ ಅವರ ನೂರನೇ ಹುಟ್ಟುಹಬ್ಬ. ಸಭೇಲಿ ಮೊದಲು ಇದನ್ನ ಹಾಕ್ತಾರೆ, ಆಮೇಲೆ ಇದನ್ನೇ ನಾನು ಹಾಡ್ಬೇಕು. ಕರಕರ ಅನ್ನುತ್ತೆ, ಸರಿಮಾಡಿಕೊಡು."

ಫಿಲೋಮಿನಾ ಪ್ಲೇಟು ಹಾಕಿ ಕೇಳಿದಳು. ಪಲ್ಲವಿಯ ಕೊನೆಯಲ್ಲಿ ಗುರುಗಳು ಒಂದೇ ತುಣುಕನ್ನು ಮೂರು ಸಲ ಹಾಡಿದರು. ವಿದ್ವಾಂಸರ ಕಣ್ಣು ತುಂಬಿತು.

"ಕೇಳಿದ್ಯಾ? ಮೂರು ಸಲ! ಅದೇ ನಮ್ಮ ಪರಂಪರೆಯ ಮುದ್ರೆ. ಗುರುಗಳು ಎದುರಿಗೆ ಕೂರಿಸ್ಕೊಂಡು, ತೊಡೆ ಚಿವುಟಿ ಚಿವುಟಿ ಕಲಿಸಿದ್ದು. ನನ್ನ ಶಿಷ್ಯರೆಲ್ಲಾ ಹಾಗೇ ಹಾಡೋದು. ಬೇರೆಯವರಿಗೆ ಜನ್ಮದಲ್ಲಿ ಬರೋಲ್ಲ."

ಅವಳು ಮೆತ್ತನೆಯ ಬ್ರಶ್ಶನ್ನು ಸೋಪಿನ ನೀರಿನಲ್ಲಿ ಅದ್ದಿ ಪ್ಲೇಟನ್ನು ಉಜ್ಜಿದಳು. ಯಾವ ಕಾಲದ ಸಮಾರಾಧನೆಯದೋ, ಗೀರುಗಳ ನಡುವೆ ಒಣಗಿ ಕೂತಿದ್ದ ಪಾಯಸದ ಹನಿಯೊಂದು ಬಟ್ಟೆಗೆ ಬಂತು. ಒರೆಸಿ, ಆರಿಸಿ, ಮತ್ತೆ ಹಾಕಿದಳು.

ಈಗ ಕರಕರ ಇರಲಿಲ್ಲ, ಮುಳ್ಳು ಎಲ್ಲೂ ಎಡವಲಿಲ್ಲ. ಗುರುಗಳ ಕಂಠ ಗಂಟೆ ಹೊಡೆದ ಹಾಗೆ ಕೇಳಿತು. ಪಲ್ಲವಿಯ ಕೊನೆಗೆ ಬಂದವರು ಆ ತುಣುಕನ್ನು ಒಂದೇ ಸಲ ಹಾಡಿ, ಹಿಂದೆ ತಿರುಗಿಯೂ ನೋಡದೆ ಮುಂದಕ್ಕೆ ಹೊರಟುಹೋದರು.

ವಿದ್ವಾಂಸರ ಶಾಲು ನೆಲಕ್ಕೆ ಜಾರಿತು.

"ಚೆನ್ನಾಗಾಯ್ತಲ್ವಾ ಸ್ವಾಮಿ?"

ಅವರು ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು.

"ತಾಯೀ, ಆ ಪಾಯಸ ಎಲ್ಲಿತ್ತೋ ಅಲ್ಲೇ ಅಂಟಿಸಿಬಿಡಿ."